ಮೂರು ಬಕ್ಕಿ, ಒಂದೇ ನಂಬರು

"ನಿಮ್ಮದು ಕೊನೇದಾದ್ರೆ ನಂದೇನು, ಬಾಲವಾ?"

ಊಮ್ ಗೀಡಿಯನ್ ಸ್ಟ್ರೈಡಮ್ ಕೂಗಿದ ರಭಸಕ್ಕೆ ಚರ್ಚಿನ ಅಂಗಳದ ಮರದಲ್ಲಿದ್ದ ಪಾರಿವಾಳಗಳೆಲ್ಲ ಒಮ್ಮೆಗೇ ಎದ್ದು ಹಾರಿದವು.

ಅಂಗಳದ ನಡುವೆ ಮೂರು ಬಕ್ಕಿಗಳು, ಅಂದರೆ ನಮ್ಮ ಕಡೆಯ ಪಿಕಪ್ ಗಾಡಿಗಳು, ಮೂತಿಗೆ ಮೂತಿ ಹಚ್ಚಿ ನಿಂತಿದ್ದವು. ಮೂರೂ ಕ್ರಾನ್ಸ್ ಕಂಪನಿಯ ರಾಟೆಲ್. ಮೂರಕ್ಕೂ ನೆಲದಿಂದ ಎತ್ತರಿಸಿದ ಹೊಟ್ಟೆ, ಕಲ್ಲುಗುಡ್ಡ ಹತ್ತುವ ಅಗಲ ಟೈರು, ಬಾಗಿಲ ಮೇಲೆ ಹಲ್ಲು ಕಿರಿದ ತರಕರಡಿ. ಹಿಂದೆ ಸಾಮಾನು ತುಂಬುವ ತೊಟ್ಟಿಯಲ್ಲಿ ಒಂದು ಮೂಟೆಯನ್ನೂ ಇನ್ನೂ ಇಟ್ಟಿರಲಿಲ್ಲ. ಅಷ್ಟು ಹೊಸದು. ಮೂರರ ಬಾಗಿಲ ಅಂಚಿನಲ್ಲೂ ರಿವೆಟ್ ಹೊಡೆದ ಒಂದೊಂದು ಹಿತ್ತಾಳೆ ತಗಡು. ಮೂರು ತಗಡಿನ ಮೇಲೂ ಒಂದೇ ಬರಹ: 500/500.

ಐನೂರರಲ್ಲಿ ಐನೂರನೆಯದು. ಅಂದರೆ ಕಟ್ಟಕಡೆಯದು.

ಕಂಪನಿ ರಾಟೆಲ್ ತಯಾರಿಕೆಯನ್ನು ನಿಲ್ಲಿಸುತ್ತದೆ ಎಂಬ ಸುದ್ದಿ ನಿಜವೋ ಸುಳ್ಳೋ ಪತ್ತೆ ಮಾಡಿಕೊಡಿ ಎಂದು ಮಾಲೀಕರ ಸಂಘದವರು ಸೀಸಿ ವುಯೊಗೆ ಕೆಲಸ ಒಪ್ಪಿಸಿ ಅಂದಿಗೆ ಒಂಬತ್ತು ದಿನವಾಗಿತ್ತು.

"ಬಾಲ ಅಲ್ಲ ಊಮ್, ನಕಲು," ಎಂದರು ಡಾಕ್ಟರ್ ಪುಲೇನ್. ಊಮ್ ಎಂದರೆ ಮಾಮ, ಊರಿನ ಹಿರಿಯರನ್ನೆಲ್ಲ ಕರೆಯುವುದೇ ಹಾಗೆ. ಪುಲೇನ್ ದನ, ಕುರಿ, ಉಷ್ಟ್ರಪಕ್ಷಿಗಳ ಡಾಕ್ಟರು. ಎಲ್ಲೋ ಕರು ಹಾಕಿಸಿ ನೇರ ಬಂದಿದ್ದರು, ತೋಳು ಮಡಚಿದ್ದು ಹಾಗೇ ಇತ್ತು. "ನಾನು ತಗೊಂಡಿದ್ದು ಫೆಬ್ರವರಿ ಹತ್ತಕ್ಕೆ. ನೀವು ಹದಿನೇಳಕ್ಕೆ. ಕೊನೇದು ಖರ್ಚಾದ ಮೇಲೆ ನಿಮ್ಮದು ಎಲ್ಲಿಂದ ಉದುರಿತು?"

"ಅದೇ ನಾನೂ ಹೇಳೋದು! ಆಮೇಲೆ ಬಂದಿದ್ದೇ ಕೊನೇದು ತಾನೇ? ನಂದು ಆಮೇಲೆ ಬಂತು. ಹಾಗಾಗಿ ನಂದೇ ಕೊನೇದು!"

ಪಾಸ್ಟರ್ ಜಫ್ತಾ ಮೆಲ್ಲಗೆ ಗಂಟಲು ಸರಿಮಾಡಿಕೊಂಡರು. "ಆ ಲೆಕ್ಕ ಹಿಡಿದ್ರೆ... ನಂದು ಮೊನ್ನೆ ಮಂಗಳವಾರ ಬಂತು."

ಊಮ್ ಗೀಡಿಯನ್ ಪಾಸ್ಟರನ್ನು ನೋಡಿದ ರೀತಿ ಚರ್ಚಿನ ಅಂಗಳದಲ್ಲಿ ನೋಡುವಂಥದ್ದಲ್ಲ. ಪಾಪ, ಆತನ ಸಂಕಟ ಆತನಿಗೆ. ಮೊಟ್ಟೆಯಿಡುವ ಉಷ್ಟ್ರಪಕ್ಷಿಗಳಲ್ಲಿ ಅತ್ಯುತ್ತಮ ಜೋಡಿಯನ್ನು ಮಾರಿ ಈ ಗಾಡಿ ತಂದಿದ್ದ. ಆ ಹೆಣ್ಣುಹಕ್ಕಿಯನ್ನು ಮರಿಯಿದ್ದಾಗಿಂದ ಸಾಕಿದ ಹೆಂಡತಿ ಮೂರು ವಾರದಿಂದ ಆತನ ಜೊತೆ ಮಾತು ಬಿಟ್ಟಿದ್ದಳು. ಊಟಕ್ಕೆ ಕರೆಯಲು ತಟ್ಟೆ ಬಡಿಯುತ್ತಿದ್ದಳಂತೆ, ಅಷ್ಟೇ.

ಸೀಸಿ ವುಯೊ ಇಷ್ಟು ಹೊತ್ತೂ ಮೂರು ಬಾಗಿಲ ಬಳಿ ಬಗ್ಗಿ ಬಗ್ಗಿ ನೋಡುತ್ತಿದ್ದಳು. ಪೂರ್ತಿ ಹೆಸರು ವುಯೊಕಾಜಿ ಮ್ಫೆನ್ಯಾನಾ, ಸೀಸಿ ಅಂದರೆ ಅಕ್ಕ. ಪೊಲೀಸಿನ ಕಳವು ವಾಹನ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಇದ್ದು, ಮೇಲಧಿಕಾರಿಯ ಸ್ವಂತ ಕಾರೇ ಕದ್ದ ಮಾಲು ಎಂದು ಪತ್ತೆ ಮಾಡಿದ ಮೇಲೆ ಬೇಗ ನಿವೃತ್ತಿಯಾದವಳು. ನಾನು ಇಸಾಕ್ ಆಪೊಲಿಸ್. ಈ ವಿಟ್‌ಕ್ಲಿಪ್ ಊರಿನ ಅರ್ಧ ಜನಕ್ಕೆ ಗಾಡಿ ಓಡಿಸಲು ಕಲಿಸಿದವನು, ಈಗ ಆಕೆಯ ಚಾಲಕ. ನಾವು ತಿರುಗುವುದು ನನ್ನ ಹಳೇ ತರಬೇತಿ ಕಾರಿನಲ್ಲಿ. ಅದರಲ್ಲಿ ಪಕ್ಕದ ಸೀಟಿಗೂ ಒಂದು ಬ್ರೇಕಿದೆ. ನನ್ನ ಮಾತು ಹಿಡಿಸದಿದ್ದರೆ ಸೀಸಿ ಅದನ್ನು ಒತ್ತುತ್ತಾಳೆ.

"ಒಂದು ಕೇಳ್ತೀನಿ," ಸೀಸಿ ನೆಟ್ಟಗಾದಳು. "ನಾನೂರ ತೊಂಬತ್ತೊಂಬತ್ತು ಯಾರ ಹತ್ರ ಇದೆ?"

ಪಾಸ್ಟರ್ ತಮ್ಮ ಬಾಗಿಲ ತಗಡಿನತ್ತ ತಿರುಗಿದರು.

"ತೊಂಬತ್ತೆಂಟು? ನಾನೂರು? ಹೋಗ್ಲಿ, ಹನ್ನೆರಡು? ಸಂಘದಲ್ಲಿ ನಲವತ್ತು ಜನ ಇದ್ದೀರಿ. ಒಬ್ಬರ ಗಾಡಿಗಾದ್ರೂ ಬೇರೆ ನಂಬರು ಉಂಟಾ?"

"ಹಳೇ ಗಾಡಿಗಳಿಗೆ ತಗಡೇ ಇಲ್ಲ," ಎಂದರು ಡಾಕ್ಟರ್ ಪುಲೇನ್ ನಿಧಾನಕ್ಕೆ. ಹೇಳುತ್ತಾ ಹೇಳುತ್ತಾ ಅವರ ಕಿವಿ ಕೆಂಪಾಯಿತು. "ನಾನೆಂಥ ಕತ್ತೆ. ಒಂದರಿಂದ ನಾನೂರ ತೊಂಬತ್ತೊಂಬತ್ತರವರೆಗೆ ಇಲ್ಲದ ಮೇಲೆ ಐನೂರು ಎಲ್ಲಿಂದ ಬರಬೇಕು?"

ಪಾಸ್ಟರ್ ಜಫ್ತಾ ತಮ್ಮ ಬಕ್ಕಿಯ ಬಾಗಿಲಿಗೆ ಮೂಗು ತಾಗಿಸಿ ನಿಂತಿದ್ದರು. ಅವರ ಮುಖ ಬಿಳಿಚಿಕೊಂಡಿತ್ತು.

"ಈ ಐದರ ಬಾಲ ನೋಡಿ ಸೀಸಿ. ಹೀಗೆ ಸುತ್ತಿಕೊಂಡಿದೆಯಲ್ಲ. ನಾನಿದನ್ನ ನೋಡಿದ್ದೀನಿ."

"ಎಲ್ಲಿ?"

"ವಾರಕ್ಕೊಂದು ಸಲ ನೋಡ್ತೀನಿ. ಸಮಾಧಿ ಕಲ್ಲುಗಳ ಮೇಲೆ."

ಊಮ್ ಗೀಡಿಯನ್ ತನಗೇ ಗೊತ್ತಿಲ್ಲದೆ ತಲೆಯ ಮೇಲಿನ ಟೋಪಿ ತೆಗೆದ.

* * *

ಊರಿನಲ್ಲಿ ಸಮಾಧಿ ಕಲ್ಲು ಕೆತ್ತುವವರು ಒಬ್ಬರೇ, ಊಮ್ ಸ್ಕಿಪರ್ಸ್. ಅವರ ಶೆಡ್ಡಿಗೆ ಹೋಗುವ ದಾರಿಯಲ್ಲಿ ನಾನು ಬಾಯಿಬಿಟ್ಟೆ.

"ಸೀಸಿ, ತಗಡು ಸುಳ್ಳು ಅಂದ್ರೆ ಸುದ್ದಿನೂ ಸುಳ್ಳೇ ಅಲ್ವಾ? ರಾಟೆಲ್ ನಿಲ್ಲಲ್ಲ ಅಂತ ಮನೇಲಿ ಹೇಳಿಬಿಡ್ಲಾ?"

ಸೀಸಿ ಬ್ರೇಕ್ ಒತ್ತಿದಳು. ಹಿಂದೆ ಬರುತ್ತಿದ್ದ ಹಾಲಿನ ವ್ಯಾನಿನವನು ಹಾರ್ನ್ ಹೊಡೆದು ನಮ್ಮಿಬ್ಬರ ತಾಯಂದಿರನ್ನೂ ನೆನೆದುಕೊಂಡು ಹೋದ.

"ಬೂಟಿ, ಕ್ಲೆಮಿಗೆ ಒಂದು ಮಾತು ಹೇಳೋ ಮುಂಚೆ ಎರಡು ಸಲ ಯೋಚನೆ ಮಾಡಿ. ಆಕೆ ಅದನ್ನ ಅರವತ್ತು ಜನಕ್ಕೆ ಹೇಳ್ತಾಳೆ. ಸುಳ್ಳಾದ್ರೆ ಅರವತ್ತು ಜನರ ಶಾಪ ಯಾರಿಗೆ?"

ಬೂಟಿ ಅಂದರೆ ಅಣ್ಣ, ಸೀಸಿ ನನ್ನನ್ನು ಕರೆಯುವುದೇ ಹಾಗೆ. ಕ್ಲೆಮಿ ನನ್ನ ಹೆಂಡತಿ, ಕ್ಲೆಮೆನ್ಸಿಯಾ. ರಾಟೆಲ್ ಸೀಟಿನ ಹೊದಿಕೆಗಳೆಲ್ಲ ಹೊಲಿದು ಹೋಗುವುದು ನಮ್ಮ ಊರಿನ ಹೊಲಿಗೆ ಶೆಡ್ಡಿನಿಂದಲೇ. ಮಾಮೂಲಿ ಬಕ್ಕಿಗೆ ಯಂತ್ರದ ಹೊಲಿಗೆ ಸಾಕು. ರಾಟೆಲ್‌ಗೆ ಮಾತ್ರ ದಪ್ಪ ಚರ್ಮ, ಕಿತ್ತಳೆ ಬಣ್ಣದ ಜೋಡಿ ಹೊಲಿಗೆ, ಅದಕ್ಕೆ ಪಳಗಿದ ಕೈಯೇ ಬೇಕು. ರಾಟೆಲ್ ನಿಂತರೆ ಆ ಅರವತ್ತು ಹೆಂಗಸರ ಕೆಲಸವೂ ನಿಂತಂತೆ. ಒಂದು ತಿಂಗಳಿಂದ ನಮ್ಮ ಮನೆಯಲ್ಲಿ ಬೇರೆ ಮಾತೇ ಇಲ್ಲ. ಚಹಾ ಕೇಳಿದರೂ "ರಾಟೆಲ್ ನಿಲ್ಲತ್ತಾ?" ಎಂಬ ಪ್ರಶ್ನೆಯ ಜೊತೆಗೇ ಬರುತ್ತದೆ.

ಊಮ್ ಸ್ಕಿಪರ್ಸ್ ಅರ್ಧ ಕೆತ್ತಿದ ದೇವದೂತನಿಗೆ ಒರಗಿ ಕೂತು ಒಣಮಾಂಸ ಅಗಿಯುತ್ತಿದ್ದರು. ಮೈಮೇಲೆಲ್ಲ ಕಲ್ಲಿನ ಹಿಟ್ಟು ಕೂತು ಯಾರು ದೇವದೂತ ಯಾರು ಸ್ಕಿಪರ್ಸ್ ಎಂದು ಒಂದು ಕ್ಷಣ ಗೊತ್ತಾಗಲಿಲ್ಲ.

ಡಾಕ್ಟರ್ ಪುಲೇನ್ ಅವರ ಬಕ್ಕಿಯ ಬಾಗಿಲಿನಿಂದ ಕಿತ್ತು ತಂದಿದ್ದ ತಗಡನ್ನು ಸೀಸಿ ಮುಂದಿಟ್ಟಳು.

"ಚೆನ್ನಾಗಿ ಬಂದಿದೆ ಅಲ್ವಾ?" ಮುದುಕರ ಮುಖ ಅರಳಿತು. "ಹಿತ್ತಾಳೆ ಮೇಲೆ ಐದರ ಬಾಲ ಸುತ್ತೋದು ಸುಲಭ ಅಲ್ಲ ಮಗಳೇ. ಈಗಿನವರು ಯಂತ್ರಕ್ಕೆ ಕೊಡ್ತಾರೆ, ಸತ್ತವರಿಗೆ ಮರ್ಯಾದೇನೇ ಇಲ್ಲ."

"ಇಂಥವು ಎಷ್ಟು ಕೆತ್ತಿದ್ರಿ, ಊಮ್?"

"ಹದಿನಾಲ್ಕು. ಹತ್ತು ಒಯ್ದಿದ್ದಾನೆ. ನಾಲ್ಕು ಇಲ್ಲೇ ಇದೆ, ಇವತ್ತು ತರಿಸಿಕೊಳ್ತೀನಿ ಅಂದಿದ್ದ."

"ಹದಿನಾಲ್ಕಕ್ಕೂ ಒಂದೇ ನಂಬರಾ?"

"ಒಂದೇ."

"ಯಾಕೆ ಅಂತ ಕೇಳ್ಲಿಲ್ವಾ?"

"ಕೇಳಿದೆ. ಗಿರಾಕಿಗಳ ಆಸೆ ಅಂದ. ಸರಿ ಬಿಡು ಅಂದುಕೊಂಡೆ." ಊಮ್ ಸ್ಕಿಪರ್ಸ್ ಒಂದು ತುಣುಕು ಮಾಂಸವನ್ನು ನನಗೂ ಕೊಟ್ಟರು. "ನಮ್ಮ ಕಸುಬಿನಲ್ಲಿ ಗಿರಾಕಿ ವಾಪಸ್ ಬಂದು ತಪ್ಪಾಗಿದೆ ಅಂದಿದ್ದು ನಾನು ನೋಡಿಲ್ಲ. ಹಾಗಾಗಿ ಜಾಸ್ತಿ ಪ್ರಶ್ನೆ ಕೇಳೋ ಅಭ್ಯಾಸ ಇಲ್ಲ."

"ಯಾರಪ್ಪಾ ಆ ಗಿರಾಕಿ?"

"ಕ್ರೀಲ್. ಗಾಡಿ ಅಂಗಡಿಯ ಡೆವಾಲ್ಡ್ ಕ್ರೀಲ್. ಹೋಗ್ತಿದ್ದೀರಾ? ಹಾಗಾದ್ರೆ ಈ ನಾಲ್ಕನ್ನೂ ಕೊಟ್ಟುಬಿಡಿ, ಬಿಸಿಲಲ್ಲಿ ನಾನೆಲ್ಲಿ ಹೋಗ್ಲಿ."

ಸೀಸಿ ಆ ನಾಲ್ಕು ತಗಡನ್ನೂ ಎರಡೂ ಕೈಯಲ್ಲಿ ತೆಗೆದುಕೊಂಡಳು, ಪ್ರಸಾದ ತೆಗೆದುಕೊಳ್ಳುವ ಹಾಗೆ.

* * *

ಶನಿವಾರ ಕ್ರೀಲ್‌ನ ಮಳಿಗೆ ಒಂದು ಗಂಟೆಗೆ ಮುಚ್ಚುತ್ತದೆ. ನಾವು ಹೋದಾಗ ಹನ್ನೆರಡೂಕಾಲು.

ಗಾಜಿನ ಗೋಡೆಯ ಹಿಂದೆ ಒಂದೇ ಒಂದು ರಾಟೆಲ್. ಅದರ ಮೂತಿಗೆ ಮದುವಣಗಿತ್ತಿಗೆ ಕಟ್ಟುವಂಥ ಬಿಳಿ ರಿಬ್ಬನ್. ಮೇಲೊಂದು ಹಲಗೆ: "ಇದೇ ಕೊನೆಯದು. ಇನ್ನೆಂದೂ ಬಾರದು."

ಡೆವಾಲ್ಡ್ ಕ್ರೀಲ್ ನಗುತ್ತಲೇ ಓಡಿ ಬಂದ. ತುಂಬು ಮೈ, ಇಸ್ತ್ರಿ ಮಾಡಿದ ಚಡ್ಡಿ, ಮೊಣಕಾಲವರೆಗೆ ಏರಿಸಿದ ಕಾಲುಚೀಲ, ಅದರಲ್ಲಿ ಸಿಕ್ಕಿಸಿದ ಬಾಚಣಿಗೆ. ಹದಿನೆಂಟು ವರ್ಷದ ಹಿಂದೆ ನಾನೇ ಅವನಿಗೆ ಗಾಡಿ ಕಲಿಸಿದ್ದು. ಹಿಂದಕ್ಕೆ ತೆಗೆಯುವುದು ಅವನಿಗೆ ಇವತ್ತಿಗೂ ಬರುವುದಿಲ್ಲ.

"ಊಮ್ ಇಸಾಕ್! ಏನು ಅಪರೂಪ! ಇವರು?"

"ಗಾಡಿ ನೋಡೋಕೆ ಬಂದಿದ್ದಾರೆ," ಎಂದೆ. ಸುಳ್ಳೇನಲ್ಲ.

"ಅದೃಷ್ಟ ಮಾಡಿದ್ದೀರಿ ಸೀಸಿ. ಇದೊಂದೇ ಉಳಿದಿರೋದು. ನಾಳೆ ಬಂದಿದ್ರೆ ಖಾಲಿ ನೆಲ ನೋಡ್ಕೊಂಡು ಹೋಗ್ಬೇಕಿತ್ತು."

"ಅಯ್ಯೋ, ಒಂದೇನಾ?" ಸೀಸಿ ಮುಖ ಸಣ್ಣದು ಮಾಡಿದಳು. "ನಮಗೆ ನಾಲ್ಕು ಬೇಕಿತ್ತು. ನಾಲ್ಕೂ ಕೊನೇದೇ ಆಗ್ಬೇಕು."

ಕ್ರೀಲ್ ನಕ್ಕ. ಆಮೇಲೆ ಅರ್ಧದಲ್ಲಿ ನಗು ನಿಲ್ಲಿಸಿದ.

ಸೀಸಿ ಚೀಲದಿಂದ ತಗಡುಗಳನ್ನು ಒಂದೊಂದಾಗಿ ತೆಗೆದು ಅವನ ಮೇಜಿನ ಮೇಲೆ ಸಾಲಾಗಿ ಜೋಡಿಸಿದಳು. ಐನೂರು. ಐನೂರು. ಐನೂರು. ಐನೂರು.

"ಊಮ್ ಸ್ಕಿಪರ್ಸ್ ಕೊಟ್ಟು ಕಳಿಸಿದ್ರು. ಬಿಸಿಲು ಅಂತ ಬರ್ಲಿಲ್ಲ. ನಿಮ್ಮ ಹೆಸರು ಕೆತ್ತೋಕೂ ಒಂದು ಕಲ್ಲು ಆರಿಸಿ ಇಡ್ಲಾ ಅಂತ ಊಮ್ ಗೀಡಿಯನ್ ಕೇಳ್ತಿದ್ದಾರೆ."

ಕ್ರೀಲ್ ಕುರ್ಚಿಗೆ ಕುಸಿದ. ಕಾಲುಚೀಲದಿಂದ ಬಾಚಣಿಗೆ ತೆಗೆದು, ತಲೆ ಬಾಚದೆ, ಮತ್ತೆ ಅಲ್ಲೇ ಸಿಕ್ಕಿಸಿದ.

"ಊಮ್ ಗೀಡಿಯನ್‌ಗೆ ಗೊತ್ತಾಯ್ತಾ?"

"ಗೊತ್ತಾಯ್ತು."

"ಬಂದೂಕು ತಗೊಂಡು ಹೊರಟಿದ್ದಾರಾ?"

"ಇಲ್ಲ. ಹೆಂಡತೀನ ಕರ್ಕೊಂಡು ಬರ್ತಾರಂತೆ."

"ದೇವರೇ," ಎಂದ ಕ್ರೀಲ್. ಬಂದೂಕೇ ವಾಸಿ ಎಂಬಂತಿತ್ತು ಆ ದನಿ.

"ತಗಡು ನಿಮ್ಮದು ತಾನೇ?"

"ನಂದೇ ಸೀಸಿ. ಒಪ್ಕೋತೀನಿ. ಕಂಪನಿಯವರು ನಂಬರೇ ಹಾಕಲ್ಲ. ಐನೂರು ಅನ್ನೋದೂ ನಾನೇ ಅಂದುಕೊಂಡಿದ್ದು, ದುಂಡಗೆ ಚೆನ್ನಾಗಿರತ್ತೆ ಅಂತ."

"ನಾಚಿಕೆ ಆಗಲ್ವಾ ಡೆವಾಲ್ಡ್?" ನನಗೆ ತಡೆಯಲಾಗಲಿಲ್ಲ. "ಪಾಸ್ಟರಿಗೂ ಮೋಸ ಮಾಡ್ತೀಯಾ?"

"ಮೋಸ ಎಲ್ಲಿ ಊಮ್ ಇಸಾಕ್? ಪ್ರತಿಯೊಬ್ಬರೂ ಬಂದು ಕೊನೇದು ಕೊಡು ಕೊನೇದು ಕೊಡು ಅಂತ ಕಣ್ಣೀರು ಹಾಕ್ತಿದ್ರು. ಒಬ್ಬರಿಗೆ ಕೊಟ್ಟು ಉಳಿದವರನ್ನ ಬರಿಗೈಯಲ್ಲಿ ಹೇಗೆ ಕಳಿಸ್ಲಿ? ಎಲ್ಲರಿಗೂ ಕೊಟ್ಟೆ. ಎಲ್ಲರೂ ಖುಷಿಯಾಗಿ ಮನೆಗೆ ಹೋದ್ರು. ಈ ಹಾಳು ಸಂಘದವರು ಒಂದೇ ಕಡೆ ಗಾಡಿ ನಿಲ್ಲಿಸ್ತಾರೆ ಅಂತ ನನಗೇನು ಕನಸು ಬಿದ್ದಿತ್ತಾ?"

ಸೀಸಿ ಎದುರಿನ ಕುರ್ಚಿ ಎಳೆದು ಕೂತಳು. "ಸರಿ. ಈಗ ದೊಡ್ಡದಕ್ಕೆ ಬರೋಣ. ರಾಟೆಲ್ ನಿಲ್ಲತ್ತೆ ಅಂತ ಕಂಪನಿ ಹೆಸರಲ್ಲಿ ಒಂದು ಪತ್ರ ಎಲ್ಲರ ಫೋನಲ್ಲೂ ಓಡಾಡ್ತಿದೆ. ಅದನ್ನೂ ನೀವೇ ಬರೆದ್ರಿ."

ಆಗ ಆದದ್ದನ್ನು ನಾನು ನಿರೀಕ್ಷಿಸಿರಲಿಲ್ಲ. ಕ್ರೀಲ್‌ಗೆ ಸಿಟ್ಟು ಬಂತು. ಸಿಕ್ಕಿಬಿದ್ದವನ ಸಿಟ್ಟಲ್ಲ, ನಿಜಕ್ಕೂ ಅವಮಾನವಾದವನ ಸಿಟ್ಟು.

"ನಾನಾ? ಪತ್ರಾನಾ? ನೋಡಿ ಸೀಸಿ, ತಗಡು ಮಾಡಿಸಿದ್ದೀನಿ, ಒಪ್ಕೊಂಡೆ. ಆದ್ರೆ ನಾನು ಕಳ್ಳಪತ್ರ ಬರೆಯೋ ಮನುಷ್ಯ ಅಲ್ಲ! ಊಮ್ ಇಸಾಕ್, ನೀವೇ ಹೇಳಿ, ನನ್ನ ಕೈಬರಹಕ್ಕೆ ಲೈಸೆನ್ಸ್ ಅರ್ಜಿ ಮೂರು ಸಲ ವಾಪಸ್ ಬಂದಿರ್ಲಿಲ್ವಾ?"

ಬಂದಿತ್ತು. ಅದು ನಿಜ.

ಅವನು ಗೋಡೆಯ ತಿಜೋರಿ ತೆರೆದು ಒಂದು ಉದ್ದ ಲಕೋಟೆ ತೆಗೆದ. ರಿಜಿಸ್ಟರ್ ಅಂಚೆ. ಅಂಚೆ ಕಚೇರಿಯ ಮುದ್ರೆ, ಜನವರಿ ಇಪ್ಪತ್ತೆಂಟು. ಒಳಗಿನ ಹಾಳೆಯಲ್ಲಿ ನಾಲ್ಕೇ ಸಾಲು: ಮಾರ್ಚ್ ಮೂವತ್ತೊಂದರ ನಂತರ ರಾಟೆಲ್ ಆವೃತ್ತಿಯ ತಯಾರಿಕೆ ಸಂಪೂರ್ಣ ನಿಲ್ಲುತ್ತದೆ. ಇದು ಮಾರಾಟಗಾರರಿಗೆ ಮಾತ್ರ. ಅಲ್ಲಿಯವರೆಗೆ ಗುಟ್ಟಾಗಿರಲಿ. ಕೆಳಗೆ ಸಹಿ: ಎಫ್. ವಿಂಟರ್‌ಬಾಖ್, ವ್ಯವಸ್ಥಾಪಕ ನಿರ್ದೇಶಕ.

"ಗುಟ್ಟಾಗಿರಲಿ ಅಂತ ಬರೆದಿದೆಯಲ್ಲ ಡೆವಾಲ್ಡ್," ಎಂದೆ.

"ಫೋನಲ್ಲಿ ಫೋಟೋ ತೆಗೆದು ನನ್ನ ಅಕ್ಕನಿಗೆ ಒಬ್ಬಳಿಗೇ ಕಳಿಸಿದೆ."

ಅವನ ಅಕ್ಕ ನನಗೆ ಗೊತ್ತು. ಅವಳಿಗೆ ಕಳಿಸುವುದೂ ರೇಡಿಯೊದಲ್ಲಿ ಓದುವುದೂ ಒಂದೇ.

ಸೀಸಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಬೆರಳ ತುದಿಯಲ್ಲಿ ಸಹಿ ಸವರಿದಳು. ಉಬ್ಬುಮುದ್ರೆಯ ಮೇಲೆ ಹೆಬ್ಬೆರಳು ಆಡಿಸಿದಳು. ಮೂಸಿಯೂ ನೋಡಿದಳು. ಕಳ್ಳ ದಾಖಲೆ ನೋಡಿ ನೋಡಿ ಸವೆದ ಕಣ್ಣು ಆಕೆಯದು. ಆ ಮುಖದಲ್ಲಿ ಹುಬ್ಬು ಒಂದಿಷ್ಟೂ ಏರಲಿಲ್ಲ, ಇಳಿಯಲಿಲ್ಲ. ಹಾಗಾದರೆ ಏನರ್ಥ ಎಂದು ನನಗೆ ಗೊತ್ತು.

"ಅಸಲಿ," ಎಂದಳು ಸೀಸಿ.

ಗಾಡಿಗೆ ಹತ್ತಿ ಬಾಗಿಲು ಹಾಕಿಕೊಂಡ ಮೇಲೂ ನಾನು ಕೀಲಿ ತಿರುಗಿಸಲಿಲ್ಲ. ಮೂವರು ಮೋಸಹೋದ ಮಾಲೀಕರ ಗಂಟು ಬಿಚ್ಚಿತ್ತು. ಕಳ್ಳ ಸಿಕ್ಕಿದ್ದ, ಒಪ್ಪಿಕೊಂಡೂ ಇದ್ದ. ಆದರೆ ರಾಟೆಲ್ ನಿಲ್ಲುವುದು ಮಾತ್ರ ನಿಜವೇ ಆಗಿತ್ತು. ಅರವತ್ತು ಹೆಂಗಸರು. ಅದರಲ್ಲೊಬ್ಬಳು ನನ್ನ ಮನೆಯಲ್ಲೇ ಇದ್ದಾಳೆ.

"ಯಾರು ಹೇಳೋದು ಸೀಸಿ?"

"ನಾನು ಜೊತೆಗೆ ಬರ್ತೀನಿ," ಎಂದಳು. "ಆದ್ರೆ ಬಾಯಿ ನಿಮ್ಮದೇ ಬೂಟಿ."

* * *

ಕ್ಲೆಮಿ ಬಂದಾಗ ನಾಲ್ಕೂವರೆ ದಾಟಿತ್ತು. ನಾನು ಆಲೂಗಡ್ಡೆ ಸುಲಿದು ಇಟ್ಟಿದ್ದೆ, ಪಾತ್ರೆ ತೊಳೆದಿದ್ದೆ, ಕಿಟಕಿಯ ಗಾಜನ್ನೂ ಒರೆಸಿದ್ದೆ. ಅದನ್ನು ನೋಡಿಯೇ ಅವಳು ಬಾಗಿಲಲ್ಲಿ ನಿಂತುಬಿಟ್ಟಳು.

"ಯಾರು ಸತ್ರು?"

"ಯಾರೂ ಇಲ್ಲ. ಕೂತ್ಕೋ."

"ಸೀಸಿ ವುಯೊ ಬೇರೆ ಇದ್ದಾರೆ. ಗಾಡಿ ಗುದ್ದಿಸಿದ್ಯಾ? ಆ ಎರಡು ಬ್ರೇಕ್ ಇಟ್ಕೊಂಡೂ?"

"ಕ್ಲೆಮಿ, ಅದು... ರಾಟೆಲ್ ವಿಷಯ." ಗಾಜು ಒರೆಸಿದ ಬಟ್ಟೆಯನ್ನು ಮಡಚಿಟ್ಟೆ. "ನಾವು ಪತ್ರ ನೋಡಿದ್ವಿ. ಅಸಲಿ ಪತ್ರ. ಈ ತಿಂಗಳ ಕೊನೆಗೆ ನಿಲ್ಲಿಸ್ತಾರೆ. ಪೂರ್ತಿ."

ಅವಳು ನನ್ನನ್ನು ನೋಡಿದಳು. ಸೀಸಿಯನ್ನು ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ನನಗೆ ಹೆದರಿಕೆಯಾಯಿತು.

"ನಿಲ್ಲಿಸ್ತಾರಾ? ಅಯ್ಯೋ ನನ್ನ ಜಾಣ ಗಂಡನೇ! ಬೆಳಿಗ್ಗೆ ಎರಡು ಲಾರಿ ಕಿತ್ತಳೆ ದಾರ ಇಳಿಸಿದ್ದಾರೆ ನಮ್ಮ ಶೆಡ್ಡಿಗೆ. ಎರಡು ಲಾರಿ! ಆಗಸ್ಟ್‌ವರೆಗೆ ಇವತ್ತಿನ ಹಾಗೆ ಶನಿವಾರವೂ ಬರ್ಬೇಕಂತೆ, ಮೇಲಿನ ಸಂಬಳ ಬೇರೆ. ಕುಣಿದೂ ಕುಣಿದೂ ನನಗೆ ಮಂಡಿ ನೋವು ಬಂದಿದೆ."

ಸೀಸಿ ಚಹಾದ ಬಟ್ಟಲನ್ನು ಕೆಳಗಿಟ್ಟಳು. "ಆಗಸ್ಟ್‌ವರೆಗೆ?"

"ಆಗಸ್ಟ್‌ವರೆಗೆ. ನೋಡಿ, ಮನೆಗೂ ಒಂದು ತಂದಿದ್ದೀನಿ. ಒಂದು ಹೊಲಿಗೆ ಸೊಟ್ಟ ಹೋಯ್ತು, ಬಿಚ್ಚಿ ಸೋಮವಾರ ಕೊಟ್ಟುಬಿಡೋಣ ಅಂತ."

ಅವಳು ಚೀಲದಿಂದ ಸೀಟಿನ ಹೊದಿಕೆಯೊಂದನ್ನು ಎಳೆದು ನನ್ನ ತೊಡೆಯ ಮೇಲೆ ಒಗೆದಳು. ಕಪ್ಪು ಚರ್ಮ, ಕಿತ್ತಳೆ ಹೊಲಿಗೆ, ಬೆನ್ನಿಗೆ ತರಕರಡಿಯ ತಲೆ. ಅಂಚಿನಲ್ಲಿ ಪುಟ್ಟ ಚೀಟಿ ಹೊಲಿದಿತ್ತು: "ಚಾಲಕ".

ಸುಮ್ಮನೆ ಕೈ ಆಡಿಸಿದೆ. ಇಪ್ಪತ್ತಾರು ವರ್ಷ ದಿನಕ್ಕೆ ಹತ್ತು ಸಲ ಚಾಲಕನ ಸೀಟು ಏರಿಸಿ ಇಳಿಸಿ ಅಭ್ಯಾಸವಾದ ಕೈ. ಸೀಟು ಏರಿಸುವ ಹಿಡಿಕೆಗೆ ಬಿಡುವ ತೂತು ಬಲಗಡೆ, ಬಾಗಿಲ ಪಕ್ಕಕ್ಕೆ ಇರಬೇಕು. ನನ್ನ ಬೆರಳು ಬಲಗಡೆ ಹುಡುಕಿತು. ಇರಲಿಲ್ಲ.

"ಕ್ಲೆಮಿ, ನೀನು ತೂತನ್ನೂ ತಪ್ಪು ಬಿಟ್ಟಿದ್ದೀಯ."

"ತಪ್ಪಲ್ಲ. ಎಲ್ಲದಕ್ಕೂ ಎಡಗಡೆಗೇ ಬಿಡಿ ಅಂದಿದ್ದಾರೆ. ಹೊಸ ಅಳತೆ ಬಂದಿದೆ. ಯಾಕೆ ಅಂತ ಯಜಮಾನಿಗೆ ಕೇಳಿದ್ರೆ, ಹೇಳಿದಷ್ಟು ಹೊಲಿ ಅಂದ್ರು."

ಸೀಸಿ ಹೊದಿಕೆಯನ್ನು ಅಡುಗೆಮನೆಯ ಕುರ್ಚಿಗೆ ಹಾಕಿದಳು. ನಾನು ಕೂತೆ. ಕೈಯಲ್ಲಿ ಇಲ್ಲದ ಸ್ಟಿಯರಿಂಗ್ ಹಿಡಿದೆ. ಎಡಗೈ ಕೆಳಗೆ ಬಿಟ್ಟರೆ ತೂತಿಗೆ ಸರಿಯಾಗಿ ಬಂತು. ಅಂದರೆ ಬಾಗಿಲು ನನ್ನ ಎಡಕ್ಕಿರಬೇಕು. ಅಂದರೆ ಸ್ಟಿಯರಿಂಗ್ ಗಾಡಿಯ ಎಡಭಾಗದಲ್ಲಿರಬೇಕು.

"ಇದು ನಮ್ಮ ದೇಶದ ಗಾಡಿಗಲ್ಲ ಸೀಸಿ," ಎಂದೆ. "ರಸ್ತೆಯ ಬಲಗಡೆ ಓಡಿಸೋ ಊರಿನದ್ದು."

"ಬೇರೆ ದೇಶಕ್ಕೆ ಕಳಿಸ್ತಾರೇನೋ," ಎಂದಳು ಕ್ಲೆಮಿ. "ಎಲ್ಲಿಗಾದ್ರೂ ಹೋಗ್ಲಿ, ಹೊಲಿಯೋದು ನಾವೇ ತಾನೇ?"

"ಪತ್ರದಲ್ಲಿ ಸಂಪೂರ್ಣ ನಿಲ್ಲತ್ತೆ ಅಂತಿದೆ. ಇಲ್ಲಿ ಮಾತ್ರ ಅಂತ ಇಲ್ಲ." ಸೀಸಿ ಕಿತ್ತಳೆ ಹೊಲಿಗೆಯನ್ನೇ ನೋಡುತ್ತಿದ್ದಳು. "ಪತ್ರವೂ ಅಸಲಿ, ಸೀಟೂ ಅಸಲಿ. ಎರಡರಲ್ಲಿ ಒಂದು ಸುಳ್ಳು ಹೇಳ್ತಿದೆ."

ಆಗ ಯಾರೋ ಬಾಗಿಲು ತಟ್ಟಿದರು.

ಹೊಸ್ತಿಲಲ್ಲಿ ತೆಳ್ಳಗಿನ, ಎತ್ತರದ ಗಂಡಸು. ಬೂದುಬಣ್ಣದ ಸೂಟಿನ ಮೇಲೆ ದಾರಿಯ ಧೂಳು. ಹಿಂದೆ ನಿಂತಿದ್ದ ಪುಟ್ಟ ಕಾರು ಧೂಳಿನಲ್ಲಿ ಯಾವ ಬಣ್ಣವೆಂದೇ ತಿಳಿಯುತ್ತಿರಲಿಲ್ಲ.

"ಕ್ಷಮಿಸಿ, ಆಪೊಲಿಸ್ ಅವರ ಮನೆ ಇದೇ ಅಲ್ವಾ? ನನ್ನ ಹೆಸರು ವಿಂಟರ್‌ಬಾಖ್. ಕ್ರಾನ್ಸ್ ಕಂಪನಿಯಿಂದ."

ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಕ್ಲೆಮಿ ಮಾತ್ರ ಸೊಂಟಕ್ಕೆ ಕೈಯಿಟ್ಟಳು.

"ಒಂದು ಸೊಟ್ಟ ಹೊಲಿಗೆಗೆ ನಿರ್ದೇಶಕರೇ ಬಂದ್ರಾ? ಸೋಮವಾರ ಕೊಡ್ತೀನಿ ಅಂತ ಯಜಮಾನಿಗೆ ಹೇಳಿ ತಂದಿದ್ದೀನಿ ಸ್ವಾಮಿ. ಕದ್ದಿಲ್ಲ."

"ಇಲ್ಲಮ್ಮ, ಕೇಳೋಕೆ ಬಂದಿಲ್ಲ. ನೋಡೋಕೆ ಬಂದೆ."

ಅವರು ಒಳಗೆ ಬಂದು ಕುರ್ಚಿಯ ಮುಂದೆ ನಿಂತರು. ಹೊದಿಕೆಯ ಎಡ ಅಂಚಿನ ತೂತಿನೊಳಗೆ ಬೆರಳು ತೂರಿಸಿದರು. ತೂರಿಸಿದ ಬೆರಳನ್ನು ಬಹಳ ಹೊತ್ತು ಹೊರಗೆ ತೆಗೆಯಲಿಲ್ಲ.

ಸೀಸಿ ಅವರಿಗೂ ಒಂದು ಬಟ್ಟಲು ಚಹಾ ಬಗ್ಗಿಸಿದಳು. "ರಾಟೆಲ್ ನಿಲ್ಲಿಸೋ ಪತ್ರಕ್ಕೆ ಸಹಿ ಹಾಕಿದ್ದು ನೀವೇನಾ?"

"ನಾನೇ. ನನ್ನ ಕೈಯಾರೆ. ಅಚ್ಚುಗಳನ್ನ ಕರಗಿಸಿ ಅಂತ ಆಜ್ಞೆ ಕೊಟ್ಟಿದ್ದೂ ನಾನೇ."

"ಹಾಗಾದ್ರೆ ಎರಡು ಲಾರಿ ದಾರ ಇಳಿಸಿ, ಎಡಗಡೆ ತೂತು ಬಿಟ್ಟು ಆಗಸ್ಟ್‌ವರೆಗೆ ಹೊಲೀರಿ ಅಂದಿದ್ದು?"

ವಿಂಟರ್‌ಬಾಖ್ ತಲೆಯೆತ್ತಿದರು. ಅಷ್ಟು ದೊಡ್ಡ ಮನುಷ್ಯನ ಮುಖದಲ್ಲಿ ಅಂಥ ದಿಗಿಲನ್ನು ನಾನು ನೋಡಿದ್ದು ಲೈಸೆನ್ಸ್ ಪರೀಕ್ಷೆಯ ದಿನ ಮಾತ್ರ.

"ಅದನ್ನೇ ನಿಮ್ಮ ಹತ್ರ ಕೇಳೋಣ ಅಂತ ಬಂದೆ. ನಾನಂತೂ ಹೇಳಿಲ್ಲ. ನನ್ನ ಕಂಪನಿ ಒಳಗೇ ಯಾರೋ ನನಗೆ ಗೊತ್ತಿಲ್ಲದ ಹಾಗೆ ರಾಟೆಲ್ ಮಾಡ್ತಿದ್ದಾರೆ. ಒಂದೆರಡಲ್ಲ, ಎರಡು ಲಾರಿ ದಾರದಷ್ಟು."

"ಈ ಮನೇಲಿ ಹೊದಿಕೆ ಇದೆ ಅಂತ ನಿಮಗೆ ಹೇಳಿದ್ಯಾರು?"

"ಫೋನ್ ಬಂತು. ಗಂಡಸೋ ಹೆಂಗಸೋ ಗೊತ್ತಾಗದಂಥ ದನಿ. ವಿಟ್‌ಕ್ಲಿಪ್‌ನಲ್ಲಿ ಆಪೊಲಿಸ್ ಅವರ ಮನೆಗೆ ಹೋಗು, ಸಂಜೆ ಐದಕ್ಕೆ ಅಲ್ಲಿ ಸೊಟ್ಟ ಹೊಲಿಗೆಯ ಒಂದು ಸೀಟಿನ ಹೊದಿಕೆ ಇರತ್ತೆ, ತೂತು ಯಾವ ಕಡೆ ಇದೆ ನೋಡ್ಕೋ ಅಂದ್ರು. ಇಟ್ಟುಬಿಟ್ರು. ನಾನು ಊಟ ಬಿಟ್ಟು ನೇರ ಗಾಡಿ ಹತ್ತಿದೆ. ಹತ್ತಿರ ಐದು ಗಂಟೆ ದಾರಿ."

"ಫೋನ್ ಬಂದಿದ್ದು ಎಷ್ಟು ಹೊತ್ತಿಗೆ?"

"ಮಧ್ಯಾಹ್ನ ಹನ್ನೆರಡಕ್ಕೆ. ಸರಿಯಾಗಿ ಹನ್ನೆರಡಕ್ಕೆ."

ಹೆಚ್ಚಲೆಂದು ಕ್ಲೆಮಿ ಎತ್ತಿಕೊಂಡಿದ್ದ ಆಲೂಗಡ್ಡೆ ಜಾರಿ ನೆಲದ ಮೇಲೆ ಉರುಳಿತು. ಅವಳು ಅದನ್ನು ಹೆಕ್ಕಲಿಲ್ಲ. ಮೂವರನ್ನೂ ಒಬ್ಬೊಬ್ಬರಾಗಿ ನೋಡಿದಳು.

"ಹನ್ನೆರಡಕ್ಕಾ?" ಎಂದಳು. ದನಿ ಅವಳದ್ದೆಂದು ಅನ್ನಿಸಲೇ ಇಲ್ಲ. "ನಾನು ಆ ಹೊಲಿಗೆ ಕೆಡಿಸಿದ್ದೇ ಮೂರು ಗಂಟೆಗೆ."